ಅಪ್ಪನಿಗೊಂದು ಗಾಡಿ: ಮೂರು ಚಕ್ರವೋ, ನಾಲ್ಕೋ, ವೀಲ್‌ಚೇರೋ?

ನಮ್ಮ ಅಪ್ಪ 31 ವರ್ಷ ಬಸ್ಸು ಓಡಿಸಿದವರು. ಉಡುಪಿಯಿಂದ ಹೊರಟು ಮಣಿಪಾಲ, ಹಿರಿಯಡ್ಕ, ಹೆಬ್ರಿ, ಸೋಮೇಶ್ವರ ದಾಟಿ, ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ. ಘಾಟಿಯ 14 ತಿರುವುಗಳಲ್ಲಿ ಮಿನಿ ಬಸ್ಸು ತಿರುಗಿಸಿದ ಕೈ ಅದು. ಈಗ 79 ವರ್ಷ. ಎರಡೂ ಮೊಣಕಾಲು ಸವೆದಿವೆ, ಆಪರೇಷನ್ ಬೇಡ ಎಂದು ಹಟ. ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ, ಅಂಗಳದ ತುಳಸಿಕಟ್ಟೆಯವರೆಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಕುಂಜಿಬೆಟ್ಟಿನ ನಮ್ಮ ಓಣಿಯ ತುದಿಯಲ್ಲಿ ಮುಖ್ಯ ರಸ್ತೆ. ಅಲ್ಲೊಂದು ಹೋಟೆಲ್, ಪಕ್ಕದಲ್ಲೇ ಬಸ್ ಸ್ಟಾಪ್. ಅವರ ರೂಟಿನ ಬಸ್ಸು ಈಗಲೂ ಅದೇ ರಸ್ತೆಯಲ್ಲಿ ಹೋಗುತ್ತದೆ. ಒಂದೂವರೆ ವರ್ಷದಿಂದ ಅಲ್ಲಿಗೆ ಹೋಗಿ ಕೂರಲು ಆಗಿಲ್ಲ ಎನ್ನುವುದೇ ಅವರ ದೊಡ್ಡ ದೂರು.

ಹಾಗಾಗಿ ಒಂದು ಬ್ಯಾಟರಿ ಗಾಡಿ ನೋಡುವ ಎಂದು ಹೊರಟೆ. ಮೂರು ಬಗೆಯದ್ದನ್ನು ನಮ್ಮ ಮನೆಯಲ್ಲೇ, ನಮ್ಮ ಓಣಿಯಲ್ಲೇ ಓಡಿಸಿ ನೋಡಿದೆವು. ಒಂದನ್ನು ಬಾಡಿಗೆಗೆ ತಂದೆವು, ಒಂದನ್ನು ನೆಂಟರಿಂದ ಎರವಲು ತಂದೆವು, ಇನ್ನೊಂದನ್ನು ಅಂಗಡಿಯವರೇ ಟೆಂಪೋದಲ್ಲಿ ತಂದು ತೋರಿಸಿದರು. ಕಂಪೆನಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದೇ ಬಗೆಯ ಗಾಡಿ ಐದಾರು ಹೆಸರಿನಲ್ಲಿ ಸಿಗುತ್ತದೆ, ಬಣ್ಣ ಬೇರೆ ಅಷ್ಟೇ.

ಶುರುವಿನಲ್ಲಿ ಅಪ್ಪ ಕೇಳಿದ್ದು ಇದ್ಯಾವುದನ್ನೂ ಅಲ್ಲ. ಸಾಮಾನ್ಯ ಸ್ಕೂಟರಿಗೆ ಹಿಂದೆ ಎರಡು ಸೈಡ್ ವೀಲ್ ಹಾಕಿಸಿ ಕೊಡು ಅಂದರು. ನಮ್ಮೂರಲ್ಲಿ ಅಂಥದ್ದು ಬೇಕಾದಷ್ಟು ಓಡುತ್ತವೆ, ಕಾಲಿನ ತೊಂದರೆ ಇರುವ ಎಷ್ಟೋ ಜನ ಅದರಲ್ಲೇ ಕೆಲಸಕ್ಕೆ ಹೋಗಿ ಬರುತ್ತಾರೆ. ಆದರೆ ಅದು ರಸ್ತೆ ವಾಹನ. ಆರ್‌ಟಿಒದಲ್ಲಿ ಬದಲಾವಣೆ ನಮೂದಿಸಬೇಕು, ಲೈಸನ್ಸ್ ಬೇಕು. ಅಪ್ಪನ ಲೈಸನ್ಸ್ ಮುಗಿದು ಕಾಲವಾಯಿತು, ಎಡಗಣ್ಣಿನ ಪೊರೆ ತೆಗೆಸಿದ ಮೇಲೂ ಸಂಜೆ ಹೊತ್ತು ಸರಿಯಾಗಿ ಕಾಣುವುದಿಲ್ಲ. ನಾನು "ಬೇಡ ಅಪ್ಪ" ಅಂದೆ. ಎರಡು ದಿನ ಮಾತು ಬಿಟ್ಟರು.

ನಡೆಯಲು ಕಷ್ಟ ಇರುವವರು ಕೂತು ಓಡಿಸುವ, ಗಂಟೆಗೆ ಆರೇಳು ಕಿಲೋಮೀಟರ್ ಹೋಗುವ ಸಣ್ಣ ಮೊಬಿಲಿಟಿ ಸ್ಕೂಟರ್‌ಗಳ ಲೆಕ್ಕ ಬೇರೆ. ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ 25 ಕಿಲೋಮೀಟರಿಗಿಂತ ಕಡಿಮೆ ಇರುವ ಬ್ಯಾಟರಿ ಗಾಡಿಯನ್ನು ಕೇಂದ್ರದ ಮೋಟಾರು ವಾಹನ ನಿಯಮಗಳು ಮೋಟಾರು ವಾಹನ ಎಂದು ಎಣಿಸುವುದಿಲ್ಲ. ನಂಬರ್ ಪ್ಲೇಟ್ ಬೇಡ, ಲೈಸನ್ಸ್ ಬೇಡ. ಮೋಟಾರಿನ ಮೇಲಿನ ಪಟ್ಟಿಯಲ್ಲಿ ಎಷ್ಟು ವಾಟ್ ಎಂದು ಮಾತ್ರ ನೋಡಿಕೊಳ್ಳಿ. ಬೇಡ ಅಂದ ಮಾತ್ರಕ್ಕೆ ಅದನ್ನು ಹೆದ್ದಾರಿಯಲ್ಲಿ ಬಸ್ಸುಗಳ ನಡುವೆ ಬಿಡಬಹುದು ಎಂದಲ್ಲ. ವಾಹನ ಗಿಜಿಗುಡುವ ಕಲ್ಸಂಕ ಜಂಕ್ಷನ್ನಿನ ಕಡೆ ಇಳಿಯುವುದಿಲ್ಲ ಎಂದು ಅಪ್ಪನಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ.

ಗಾಡಿ ನೋಡುವ ಮೊದಲು ನಾನು ಮಾಡಿದ ಒಂದೇ ಒಂದು ಜಾಣತನ ಎಂದರೆ ದಾರಿ ಅಳೆದದ್ದು. ನಮ್ಮ ಗೇಟಿನಿಂದ ಓಣಿಯ ತುದಿಗೆ ಸುಮಾರು 300 ಮೀಟರ್. ಅದರಲ್ಲಿ ನಡುವಿನ ಒಂದು 40 ಮೀಟರ್ ಜೋರು ಚಡಾವು. ಒಂದು ಮೀಟರ್ ಉದ್ದದ ಹಲಗೆ ತೆಗೆದುಕೊಂಡು ಹೋಗಿ, ಅದರ ಮೇಲೆ ಮೇಸ್ತ್ರಿಯ ಮಟ್ಟಗೋಲು ಇಟ್ಟು, ಒಂದು ತುದಿ ಕಾಂಕ್ರೀಟಿಗೆ ತಾಗಿಸಿ, ಗುಳ್ಳೆ ಮಧ್ಯಕ್ಕೆ ಬರುವವರೆಗೆ ಇನ್ನೊಂದು ತುದಿ ಎತ್ತಿದೆ. ಎತ್ತಿದ ತುದಿಯ ಕೆಳಗೆ 14 ಸೆಂಟಿಮೀಟರ್ ಸಂದು. ಅಂದರೆ ಹೆಚ್ಚುಕಡಿಮೆ 8 ಡಿಗ್ರಿ. ಆಸ್ಪತ್ರೆ, ಬ್ಯಾಂಕಿನಲ್ಲಿ ನಿಯಮದಂತೆ ಕಟ್ಟಿದ ರ‍್ಯಾಂಪ್ 12ಕ್ಕೆ 1ರ ಲೆಕ್ಕ, 5 ಡಿಗ್ರಿಗೂ ಒಂದು ಚೂರು ಕಮ್ಮಿ. ನಮ್ಮ ಕರಾವಳಿಯ ಗುಡ್ಡದ ಓಣಿಗಳು ಯಾವ ನಿಯಮವನ್ನೂ ಕೇಳಿ ಹುಟ್ಟಿದವಲ್ಲ. ಎಲ್ಲ ಗಾಡಿಯ ಪುಸ್ತಕದಲ್ಲೂ ಎಷ್ಟು ಡಿಗ್ರಿ ಹತ್ತುತ್ತದೆ ಎಂದು ಬರೆದಿರುತ್ತದೆ. ಅಂಗಡಿಯವರು ವೇಗ ಹೇಳುತ್ತಾರೆ, ಎಷ್ಟು ದೂರ ಹೋಗುತ್ತದೆ ಹೇಳುತ್ತಾರೆ, ಇದನ್ನು ಕೇಳದೆ ಹೇಳುವುದಿಲ್ಲ.

ಮೊದಲು ಬಂದದ್ದು ಮಡಚುವ ಪವರ್ ವೀಲ್‌ಚೇರ್. ಮಣಿಪಾಲದ ಕಡೆ ಆಸ್ಪತ್ರೆ ಸಾಮಾನು ಬಾಡಿಗೆಗೆ ಕೊಡುವವರಿಂದ ಒಂದು ತಿಂಗಳಿಗೆ 4,500 ರೂಪಾಯಿ ಕೊಟ್ಟು ತಂದೆವು. ಲಿಥಿಯಂ ಬ್ಯಾಟರಿ, ಒಟ್ಟು ತೂಕ 27 ಕಿಲೋ. ನನ್ನ ಗಂಡ ಒಬ್ಬರೇ ಕಾರಿನ ಡಿಕ್ಕಿಗೆ ಹಾಕುತ್ತಿದ್ದರು. ನನ್ನಿಂದ ಆಗುತ್ತಿರಲಿಲ್ಲ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಮನೆಯೊಳಗೆ ಇದಕ್ಕೆ ಸಾಟಿ ಇಲ್ಲ. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಮೋಟಾರು ಇರುವುದರಿಂದ ನಿಂತಲ್ಲೇ ಗಿರಕಿ ತಿರುಗುತ್ತದೆ. ಊಟದ ಮೇಜಿನ ಅಡಿಗೆ ಮೊಣಕಾಲು ತೂರುತ್ತದೆ. ಬಚ್ಚಲಿನ ಬಾಗಿಲಲ್ಲಿ ಎರಡು ಬೆರಳು ಜಾಗ ಬಿಟ್ಟು ಹೋಯಿತು. ಆದರೆ ಅಪ್ಪನಿಗೆ ಜಾಯ್‌ಸ್ಟಿಕ್ ಕಂಡರೆ ಆಗಲಿಲ್ಲ.

"ಇದೆಂತ ಮಗಾ, ಸ್ಟೇರಿಂಗಾ ಉಪ್ಪಿನಕಾಯಿ ಚಮಚವಾ?"

ಓಣಿಗೆ ಇಳಿಸಿದಾಗ ನಿಜವಾದ ತೊಂದರೆ ಗೊತ್ತಾಯಿತು. ನಮ್ಮ ಗೇಟಿನ ಎದುರು ಚರಂಡಿ, ಅದರ ಮೇಲೆ ಚಪ್ಪಡಿ, ಚಪ್ಪಡಿಗಳ ನಡುವೆ ಮೂರು ಬೆರಳು ಸಂದು. ಮುಂದಿನ ಸಣ್ಣ ತಿರುಗುಚಕ್ರ ಆ ಸಂದಿಗೆ ಅಡ್ಡ ತಿರುಗಿ ಕೂತುಬಿಟ್ಟಿತು. ಎತ್ತಿ ತೆಗೆಯಬೇಕಾಯಿತು. ನೀರು ಹರಿಯಲೆಂದು ರಸ್ತೆಯನ್ನು ಬದಿಗೆ ವಾಲಿಸಿರುತ್ತಾರಲ್ಲ, ಆ ಜಾಗದಲ್ಲಿ ಕುರ್ಚಿ ತಾನಾಗಿ ಚರಂಡಿಯ ಕಡೆ ಎಳೆಯುತ್ತದೆ. ಜಾಯ್‌ಸ್ಟಿಕ್ಕನ್ನು ಸದಾ ಎದುರು ದಿಕ್ಕಿಗೆ ಒತ್ತಿ ಹಿಡಿಯಬೇಕು. ಚಡಾವಿನಲ್ಲಿ ಹತ್ತಿತು, ಇಲ್ಲ ಎನ್ನುವುದಿಲ್ಲ. ಆದರೆ ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಎದ್ದೇಳುವ ಹಾಗೆ ಕಂಡಿತು. ಮಗುಚದಂತೆ ಹಿಂದೆ ಎರಡು ಪುಟ್ಟ ಚಕ್ರ ಕೊಟ್ಟಿದ್ದಾರೆ, ಆದರೂ ನಾನು ಹಿಂದಿನ ಹಿಡಿ ಬಿಡದೆ ನಡೆದೆ. ಮಗಳು ಹಿಂದೆ ಹಿಡಿದುಕೊಂಡು ಬರುವ ಗಾಡಿಯಲ್ಲಿ ಹೋಟೆಲಿಗೆ ಹೋಗುವುದಕ್ಕಿಂತ ಮನೆಯಲ್ಲೇ ಕೂರುತ್ತೇನೆ ಅಂದರು ಅಪ್ಪ. ಅದು ಗತ್ತಿನ ಮಾತೇ ಆದರೂ ನನಗೆ ಅರ್ಥವಾಯಿತು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಇವೆರಡನ್ನು ಒಂದೇ ಎಂದುಕೊಳ್ಳುತ್ತಾರೆ. ಸ್ಕೂಟರ್ ಬಗೆಯದ್ದು ಸ್ವಲ್ಪವಾದರೂ ನಡೆಯಬಲ್ಲವರಿಗೆ. ಹತ್ತಿ ಇಳಿಯಬೇಕು, ಬೆನ್ನು ನೆಟ್ಟಗೆ ಕೂರಬೇಕು, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿಯಬೇಕು, ಕತ್ತು ತಿರುಗಿಸಿ ಹಿಂದೆ ನೋಡಬೇಕು. ನನ್ನ ದೊಡ್ಡಮ್ಮನಿಗೆ ಸ್ಟ್ರೋಕ್ ಆಗಿ ಎಡಗೈ ಬಿದ್ದಿದೆ. ಅವರಿಗೆ ಸ್ಕೂಟರ್ ತೋರಿಸುವುದೇ ತಪ್ಪು. ಬಲಬದಿಗೆ ಜಾಯ್‌ಸ್ಟಿಕ್ ಇರುವ ಈ ಕುರ್ಚಿಯೇ ಅವರಿಗೆ ಸರಿ. ಬಾಡಿಗೆಯ ತಿಂಗಳು ಮುಗಿಯುವ ಮೊದಲೇ ಅದನ್ನು ಅವರ ಮನೆಗೆ ಕಳಿಸಿದೆವು, ಈಗ ಅವರು ಸ್ವಂತದ್ದು ತೆಗೆದುಕೊಂಡಿದ್ದಾರೆ.

ಎರಡನೆಯದು ಮೂರು ಚಕ್ರದ ಸಣ್ಣ ಸ್ಕೂಟರ್. ಮಂಗಳೂರಿನ ಬಿಜೈಯಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎರಡು ವರ್ಷದಿಂದ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಆಗಿ ನಿಂತಿತ್ತು. ಮಗ ದುಬೈಯಿಂದ ಕಳಿಸಿದ್ದು. ಸೀಟು, ಬ್ಯಾಟರಿ ಪೆಟ್ಟಿಗೆ, ಮುಂದಿನ ಭಾಗ, ಹಿಂದಿನ ಭಾಗ, ಬುಟ್ಟಿ ಎಂದು ಐದು ತುಂಡಾಗುತ್ತದೆ. ಎಲ್ಲ ಸೇರಿ 40 ಕಿಲೋ ಆದರೂ ಅತಿ ಭಾರದ ತುಂಡು 15 ಕಿಲೋ ಮೀರುವುದಿಲ್ಲ. ಇದನ್ನು ನಾನೇ ಡಿಕ್ಕಿಗೆ ಹಾಕಿದೆ.

ತಂದು ಚಾರ್ಜಿಗೆ ಹಾಕಿದರೆ ಜೀವವೇ ಇಲ್ಲ. ಸೀಸದ ಬ್ಯಾಟರಿಯನ್ನು ಖಾಲಿ ಮಾಡಿ ಇಟ್ಟರೆ ಒಳಗಿನ ತಗಡುಗಳ ಮೇಲೆ ಗಟ್ಟಿ ಪದರ ಕಟ್ಟಿ ಅದು ಮತ್ತೆ ಏಳುವುದಿಲ್ಲ. ಉಪಯೋಗಿಸಲಿ ಬಿಡಲಿ, ತಿಂಗಳಿಗೊಮ್ಮೆಯಾದರೂ ತುಂಬಿಸಬೇಕಿತ್ತು. ಬಿಚ್ಚಿ ನೋಡಿದೆವು: 12 ವೋಲ್ಟ್, 12 ಆಂಪಿಯರ್-ಅವರ್‌ನ ಎರಡು ಬ್ಯಾಟರಿ, ಒಂದರ ಹಿಂದೆ ಒಂದು ಸೇರಿಸಿ 24 ವೋಲ್ಟ್. ಯುಪಿಎಸ್ ಬ್ಯಾಟರಿ ಮಾರುವ ಅಂಗಡಿಯಲ್ಲಿ ಅದೇ ಅಳತೆಯದ್ದು ಸಿಕ್ಕಿತು, ಎರಡಕ್ಕೂ ಸೇರಿ ನಾಲ್ಕು ಸಾವಿರದ ಒಳಗೆ. ಲಿಥಿಯಂ ಆಗಿದ್ದರೆ ಆ ಕಂಪೆನಿಯ ಪ್ಯಾಕನ್ನೇ ಹುಡುಕಿಕೊಂಡು ಹೋಗಬೇಕಿತ್ತು. ಬಸ್ಸಿನವರಾದ ಅಪ್ಪನಿಗೆ ಇದು ಬಹಳ ಹಿಡಿಸಿತು. ಸ್ಪೇರ್ ಉಡುಪಿಯಲ್ಲೇ ಸಿಗುವ ಗಾಡಿ ಎಂದರೆ ಅವರ ಲೆಕ್ಕದಲ್ಲಿ ಅರ್ಧ ಮಾರ್ಕು ಬಂದ ಹಾಗೆ. ಕರೆಂಟಿನ ಖರ್ಚು ಕೇಳಬೇಡಿ. ಪೂರ್ತಿ ತುಂಬಿದರೂ 300 ವಾಟ್-ಅವರ್ ಆಸುಪಾಸು, ಅರ್ಧ ಯೂನಿಟ್ ಕೂಡ ಇಲ್ಲ.

ಅದರ ಹ್ಯಾಂಡಲ್ ಮೇಲೆ ಒಂದು ತಿರುಗಣೆ ಇದೆ. ಒಂದು ಬದಿಗೆ ಆಮೆಯ ಚಿತ್ರ, ಇನ್ನೊಂದು ಬದಿಗೆ ಮೊಲ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, ಸೀದಾ ಮೊಲಕ್ಕೆ ತಿರುಗಿಸಿ, "ರೈಟ್, ಪೋಯಿ" ಅಂದರು. ಹೆಬ್ಬೆರಳಿನ ಲಿವರ್ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬ್ರೇಕ್ ಎಲ್ಲಿ ಎಂದು ಕಾಲಿನಿಂದ ಹುಡುಕಿದರು. ನಾನು ವಿವರಿಸಿದೆ: ಕರೆಂಟ್ ಇರುವಾಗ ಬ್ರೇಕ್ ಬಿಟ್ಟಿರುತ್ತದೆ, ಕರೆಂಟ್ ನಿಂತರೆ ಸ್ಪ್ರಿಂಗಿನ ಬಲಕ್ಕೆ ತಾನಾಗಿ ಹಿಡಿಯುತ್ತದೆ. ನಡುದಾರಿಯಲ್ಲಿ ಬ್ಯಾಟರಿ ಸತ್ತರೂ ಗಾಡಿ ಉರುಳುವುದಿಲ್ಲ.

"ಹಾಗಾದ್ರೆ ನಮ್ಮ ಏರ್ ಬ್ರೇಕಿನ ಹಾಗೇ ಉಂಟಲ್ಲ. ಗಾಳಿ ಹೋದ್ರೆ ಹಿಡೀತದೆ."

ಅಷ್ಟು ಹೊತ್ತಿಗೆ ನನಗಿಂತ ಅವರಿಗೇ ಜಾಸ್ತಿ ಗೊತ್ತಾಗಿತ್ತು.

ಸಪಾಟು ನೆಲದಲ್ಲಿ ಈ ಮೂರು ಚಕ್ರದ್ದು ಬಲು ಚಂದ. ಒಂದು ಬೆಳಿಗ್ಗೆ ಕಾರಿನಲ್ಲಿ ಹಾಕಿಕೊಂಡು ರಥಬೀದಿಗೆ ಹೋದೆವು. ಗಂಟೆ ಆರೂವರೆ, ಜನ ಇನ್ನೂ ಕಮ್ಮಿ. ಹತ್ತು ನಿಮಿಷದಲ್ಲಿ ಜೋಡಿಸಿದೆ. ಅಪ್ಪ ಅನಂತೇಶ್ವರ, ಚಂದ್ರಮೌಳೀಶ್ವರ ಎರಡಕ್ಕೂ ಹೊರಗಿನಿಂದಲೇ ಕೈಮುಗಿದು ಅಷ್ಟ ಮಠಗಳ ಎದುರಿನಿಂದ ಪೂರ್ತಿ ಒಂದು ಸುತ್ತು ಬಂದರು. ಆಮೇಲೆ ಇನ್ನೊಂದು ಸುತ್ತು. ಮುಂದೆ ಒಂದೇ ಚಕ್ರವಾದ್ದರಿಂದ ತಿರುಗಿಸಲು ಒಂದು ಮೀಟರ್ ಜಾಗ ಸಾಕು, ಹೂವಿನವರ ಬುಟ್ಟಿಗಳ ನಡುವೆ ನುಸುಳಿ ಹೋದರು. ಕಾಲು ಚಾಚಲೂ ಜಾಗ ಇದೆ. ಒಬ್ಬ ಹುಡುಗ ಬಂದು "ಅಜ್ಜ, ಎಷ್ಟು ಕೊಡ್ತದೆ?" ಎಂದು ಮೈಲೇಜ್ ಕೇಳಿದ. ನಾನು ಅದೇ ದಿನ ಇದನ್ನೇ ತೆಗೆದುಕೊಳ್ಳುವುದು ಎಂದು ಮನಸ್ಸು ಮಾಡಿಬಿಟ್ಟಿದ್ದೆ.

ಮರುದಿನ ಓಣಿಯ ಚಡಾವು ಲೆಕ್ಕ ತಲೆಕೆಳಗು ಮಾಡಿತು. ಪುಸ್ತಕದಲ್ಲಿ 6 ಡಿಗ್ರಿ ಎಂದು ಬರೆದದ್ದು ಸುಳ್ಳಲ್ಲ. ಇಳಿಯುವಾಗ ಸೊಗಸಾಗಿ ಇಳಿಯಿತು, ಮೋಟಾರೇ ವೇಗ ಹಿಡಿದಿಡುತ್ತದೆ. ವಾಪಸ್ ಬರುವಾಗ ಅರ್ಧ ಚಡಾವಿನಲ್ಲಿ ಬ್ಯಾಟರಿಯ ಮುಳ್ಳು ಕೆಂಪಿಗೆ ಇಳಿಯಿತು, ಬೀಪ್ ಬೀಪ್ ಎಂದಿತು, ನಿಂತಿತು. ಬ್ರೇಕ್ ಹಿಡಿದದ್ದರಿಂದ ಅಪಾಯ ಏನಿಲ್ಲ. ಎರಡು ನಿಮಿಷ ಬಿಟ್ಟು ಸ್ವಿಚ್ ಹಾಕಿದರೆ ಮತ್ತೆ ನಾಲ್ಕು ಮೀಟರ್, ಮತ್ತೆ ಬೀಪ್. ಕೊನೆಗೆ ಪಕ್ಕದ ಮನೆಯ ಹುಡುಗರು ತಳ್ಳಿದರು.

ಅದಕ್ಕಿಂತ ಹೆದರಿಸಿದ್ದು ತಿರುವು. ಚಡಾವಿನ ಬುಡದಲ್ಲಿ ಓಣಿ ಎಡಕ್ಕೆ ಹೊರಳುತ್ತದೆ, ಅಲ್ಲಿ ರಸ್ತೆ ಹೊರಕ್ಕೆ ವಾಲಿದೆ. ಮೊಲದ ಸ್ಪೀಡಿನಲ್ಲೇ ತಿರುಗಿಸಿದಾಗ ಒಳಬದಿಯ ಹಿಂಚಕ್ರ ನೆಲ ಬಿಟ್ಟು ಒಂದು ಬೆರಳಷ್ಟು ಎದ್ದಿತು. ಅಪ್ಪ ತಕ್ಷಣ ಮೈಯನ್ನು ಒಳಕ್ಕೆ ವಾಲಿಸಿದರು, ಚಕ್ರ ಕೂತಿತು. ಹಳೆಯ ಕೈ ಆದ್ದರಿಂದ ಬಚಾವ್. ಬೇರೆ ಯಾರಾದರೂ ಆಗಿದ್ದರೆ ಮಗುಚುತ್ತಿದ್ದರು. ಮೂರು ಚಕ್ರದ್ದರ ಸ್ವಭಾವವೇ ಅದು. ಓರೆ ನೆಲ, ವೇಗ, ತಿರುವು, ಮೂರೂ ಒಟ್ಟಿಗೆ ಬಂದರೆ ಆಗುವುದಿಲ್ಲ.

ಇನ್ನೊಂದು ಪೆಟ್ಟು ನಮ್ಮದೇ ತಪ್ಪಿನಿಂದ ಆಯಿತು. ಇಂಥ ಎಲ್ಲ ಗಾಡಿಯಲ್ಲೂ ಹಿಂಬದಿಯಲ್ಲಿ ಒಂದು ಲಿವರ್ ಇರುತ್ತದೆ, ಕೆಟ್ಟು ನಿಂತರೆ ಕೈಯಲ್ಲಿ ತಳ್ಳಲಿಕ್ಕೆ. ಅದನ್ನು ಎತ್ತಿದರೆ ಮೋಟಾರೂ ಬಿಟ್ಟಿತು, ಬ್ರೇಕೂ ಬಿಟ್ಟಿತು. ಹುಡುಗರು ತಳ್ಳಿ ತಂದು ಅಂಗಳದ ಏರಿನಲ್ಲಿ ನಿಲ್ಲಿಸಿ ಲಿವರ್ ಇಳಿಸಲು ಮರೆತರು. ಅಪ್ಪ ಇಳಿದು ಒಳಗೆ ಹೋಗಿದ್ದರು, ಪುಣ್ಯ. ಗಾಡಿ ಮೆಲ್ಲ ಹಿಂದಕ್ಕೆ ಸರಿದು, ವೇಗ ಹಿಡಿದು, ದಾಸವಾಳದ ಬೇಲಿಗೆ ನುಗ್ಗಿತು. ಬುಟ್ಟಿ ಸೊಟ್ಟಗಾಯಿತು. ನ್ಯೂಟ್ರಲ್‌ನಲ್ಲಿ ಇಳಿಸಿದ ಡ್ರೈವರನ್ನು ಮೊದಲು ಡಿಪೋದಲ್ಲಿ ಏನು ಮಾಡುತ್ತಿದ್ದರು ಎಂದು ಹುಡುಗರಿಗೆ ಅರ್ಧ ಗಂಟೆ ಪಾಠವಾಯಿತು.

ನಡುವೆ ಯಾರೋ ನಿಯೋಬೋಲ್ಟ್ ನೋಡಿ ಅಂದರು. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಷನ್ ಎಂಬ ಸಂಸ್ಥೆಯದ್ದು, 2021ರಲ್ಲಿ ಬಂದದ್ದು. ಕೈಯಲ್ಲಿ ತಳ್ಳುವ ವೀಲ್‌ಚೇರಿನ ಮುಂದೆ ಮೋಟಾರಿನ ಚಕ್ರವೊಂದನ್ನು ಸಿಕ್ಕಿಸಿ ಗಂಟೆಗೆ 25 ಕಿಲೋಮೀಟರಿನವರೆಗೂ ಹೋಗಬಹುದು. ಒಳ್ಳೆಯ ಯೋಚನೆಯೇ. ಆದರೆ ಅದು ದಿನವೂ ವೀಲ್‌ಚೇರಿನಲ್ಲೇ ಇರುವ, ತೋಳಿನಲ್ಲಿ ಬಲ ಇರುವ, ಕೆಲಸಕ್ಕೆ ಹೋಗಿ ಬರುವವರಿಗೆ ಹೇಳಿ ಮಾಡಿಸಿದ್ದು. ಮೊಣಕಾಲು ನೋವಿನ ಅಜ್ಜನಿಗಲ್ಲ. ಅಪ್ಪನಿಗೆ ಆ 25 ಎನ್ನುವ ಸಂಖ್ಯೆಯನ್ನು ನಾನು ಹೇಳಲೇ ಇಲ್ಲ.

ಮೂರನೆಯದು ನಾಲ್ಕು ಚಕ್ರದ, ನಡುವಿನ ಗಾತ್ರದ ಸ್ಕೂಟರ್. ಮೊದಲು ಫೋನ್ ಮಾಡಿದ ಅಂಗಡಿಯವರು ಶೋರೂಮಿಗೇ ಬಂದು ನೋಡಿ, ಹೊರಗೆ ಕಳಿಸುವುದಿಲ್ಲ ಅಂದರು. ಟೈಲ್ಸ್ ಹಾಕಿದ ನೆಲದ ಮೇಲೆ ಎಲ್ಲ ಗಾಡಿಯೂ ಒಳ್ಳೆಯದೇ ಅಲ್ವಾ? ಎರಡನೆಯವರು ಮಂಗಳೂರಿನಿಂದ ಗೂಡ್ಸ್ ಟೆಂಪೋದಲ್ಲಿ ಹಾಕಿ ಕಳಿಸಲು ಒಪ್ಪಿದರು, ಟೆಂಪೋ ಬಾಡಿಗೆ ನಾನು ಕೊಡಬೇಕು ಎಂಬ ಷರತ್ತಿನ ಮೇಲೆ. ಕೊಟ್ಟೆ. ಇಡೀ ವ್ಯವಹಾರದಲ್ಲಿ ಅಷ್ಟು ಸಾರ್ಥಕವಾದ ದುಡ್ಡು ಬೇರೆ ಇಲ್ಲ.

ತಂದ ಹುಡುಗ ಗಾಡಿ ಇಳಿಸುತ್ತಲೇ ಚಡಾವು ನೋಡಿ "ಇಲ್ಲಿಯಾ ಮೇಡಂ?" ಅಂದ. ಇಲ್ಲಿಯೇ ಅಂದೆ. ಪುಸ್ತಕದಲ್ಲಿ 10 ಡಿಗ್ರಿ. ಅಪ್ಪನ ತೂಕ 74 ಕಿಲೋ. ಹತ್ತಿತು. ವೇಗ ಅರ್ಧಕ್ಕೆ ಇಳಿಯಿತು, ಮೋಟಾರು ಕೊಂಯ್ ಎಂದಿತು, ಆದರೆ ನಿಲ್ಲಲಿಲ್ಲ. ಅಪ್ಪ ಅಷ್ಟಕ್ಕೇ ಬಿಡುವವರಲ್ಲ. ಚಡಾವಿನ ಸರಿ ಮಧ್ಯದಲ್ಲಿ ಲಿವರ್ ಬಿಟ್ಟು ನಿಲ್ಲಿಸಿದರು. ನಿಂತು, ಅತ್ತ ಇತ್ತ ನೋಡಿ, ಮತ್ತೆ ಒತ್ತಿದರು. ಒಂದು ಅಂಗುಲ ಕೂಡ ಹಿಂದೆ ಜಾರದೆ ಎತ್ತಿಕೊಂಡಿತು. ಘಾಟಿಯಲ್ಲಿ ಹೊಸ ಬಸ್ಸು ಪರೀಕ್ಷೆ ಮಾಡುವುದು ಹೀಗೇ ಅಂತೆ. ಓಡುವಾಗ ಎಲ್ಲ ಬಸ್ಸೂ ಹತ್ತುತ್ತದೆ, ನಿಂತಲ್ಲಿಂದ ಎತ್ತುವುದರಲ್ಲಿ ಎಂಜಿನ್ ಗೊತ್ತಾಗುತ್ತದೆ. ನೀವೂ ಗಾಡಿ ನೋಡುವಾಗ ಇದೊಂದನ್ನು ತಪ್ಪದೆ ಮಾಡಿಸಿ.

ಸೀಟಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊಣಕಾಲು ಹೋದವರಿಗೆ ಕಷ್ಟ ಕೂರುವುದರಲ್ಲಿ ಅಲ್ಲ, ಏಳುವುದರಲ್ಲಿ. ಇದರ ಸೀಟಿನ ಬದಿಯಲ್ಲಿ ಒಂದು ಹಿಡಿ ಇದೆ. ಎತ್ತಿದರೆ ಸೀಟು ಪೂರ್ತಿ ಬದಿಗೆ ತಿರುಗಿ ಅಲ್ಲೇ ಲಾಕ್ ಆಗುತ್ತದೆ. ಆಗ ಅಪ್ಪ ಎರಡು ಪಾದವನ್ನೂ ನೆಲಕ್ಕೆ ಊರಿ, ಕೈಹಿಡಿಯ ಮೇಲೆ ಭಾರ ಹಾಕಿ, ಕುರ್ಚಿಯಿಂದ ಎದ್ದ ಹಾಗೆ ಏಳುತ್ತಾರೆ. ಮೂರು ಚಕ್ರದ್ದರಲ್ಲೂ ಸೀಟು ತಿರುಗುತ್ತಿತ್ತು, ಆದರೆ ತಗ್ಗು. ಅದರಿಂದ ಏಳುವಾಗ ಎರಡು ಸಲ ತೂಗಿ, ಮೂರನೆಯ ಸಲಕ್ಕೆ ಏಳುತ್ತಿದ್ದರು. ಇದರ ಎತ್ತರವನ್ನು ಪಾದದಿಂದ 52 ಸೆಂಟಿಮೀಟರಿಗೆ ಏರಿಸಿದ ಮೇಲೆ ಒಂದೇ ಸಲಕ್ಕೆ ಎದ್ದರು. ಟೇಪ್ ತೆಗೆದುಕೊಂಡು ಹೋಗಿ. ಮನೆಯಲ್ಲಿ ಅವರು ಸಲೀಸಾಗಿ ಏಳುವ ಕುರ್ಚಿ ಯಾವುದುಂಟೋ ಅದರ ಎತ್ತರ ಬರೆದುಕೊಂಡು ಹೋಗಿ.

ಇದರ ದೋಷವೂ ಕಮ್ಮಿ ಇಲ್ಲ. ನಮ್ಮ ಅಂಗಳದಲ್ಲಿ ತಿರುಗಿಸಲು ಮೂರು ಸಲ ಹಿಂದೆ ಮುಂದೆ ಮಾಡಬೇಕು. ರಿವರ್ಸ್ ಬೀಪ್ ಕೇಳಿ ಪಕ್ಕದ ಮನೆಯ ನಾಯಿ ಈಗಲೂ ಬೊಗಳುತ್ತದೆ. ಮುಂದಿನ ಎರಡು ಚಕ್ರಗಳ ನಡುವೆ ಪಾದ ಇಡುವ ಜಾಗ ಇಕ್ಕಟ್ಟು, ಉದ್ದ ಕಾಲಿನವರಿಗೆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಬೇಕು. ಮೂರು ಅಡಿಯ ನಮ್ಮ ಗೇಟಿನಲ್ಲಿ ಅದು ಹೋಗುವುದು ಹೋಗುತ್ತದೆ, ಆದರೆ ಎರಡೂ ಬದಿಗೆ ಗೀಚಿಕೊಂಡು. ಕೊನೆಗೆ ಒಂದು ಕೆಂಪುಕಲ್ಲಿನ ಕಂಬ ಕಿತ್ತು ಸರಿಸಿ, ಚರಂಡಿಯ ಚಪ್ಪಡಿ ಸಂದಿಗೆ ಸಿಮೆಂಟ್ ತುಂಬಿಸಿದೆವು. ಮೇಸ್ತ್ರಿ ಕೂಲಿ, ಸಾಮಾನು ಸೇರಿ 11,000. ಈ ಖರ್ಚನ್ನು ಯಾವ ಅಂಗಡಿಯವರೂ ಬೆಲೆಪಟ್ಟಿಯಲ್ಲಿ ಬರೆಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಭಾರ. 70 ಕಿಲೋ ದಾಟುತ್ತದೆ. ಕಾರಿಗೆ ಹಾಕುವ ಮಾತೇ ಇಲ್ಲ, ರಿಕ್ಷಾದ ಮಾತೂ ಇಲ್ಲ. ಇದನ್ನು ತೆಗೆದುಕೊಂಡರೆ ರಥಬೀದಿ ಮರೆತುಬಿಡಬೇಕು. ಮಲ್ಪೆ ಬೀಚೂ ಇಲ್ಲ, ಕದ್ರಿ ಪಾರ್ಕೂ ಇಲ್ಲ. ಅಪ್ಪನ ಲೋಕ 300 ಮೀಟರಿನ ಓಣಿ, ಹೋಟೆಲ್, ಬಸ್ ಸ್ಟಾಪ್, ಅಷ್ಟೇ.

ನಮಗೆ ಹೇಳಿದ ಬೆಲೆ ಹೀಗಿತ್ತು: ಮಡಚುವ ವೀಲ್‌ಚೇರ್ 72,000, ಮೂರು ಚಕ್ರದ್ದು ಹೊಸತಾದರೆ 95,000, ನಾಲ್ಕು ಚಕ್ರದ್ದು 1,38,000. ಅಂಗವಿಕಲರ ಗಾಡಿಗಳಿಗೆ ಜಿಎಸ್‌ಟಿ 5%, ಬಿಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಕಂಡರೆ ಕೇಳಿ. ಸರಕಾರದಿಂದ ಏನಾದರೂ ಸಿಗುತ್ತದಾ ಎಂದು ತುಂಬ ಜನ ಕೇಳುತ್ತಾರೆ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕಡಿಮೆ ಆದಾಯದ 60 ದಾಟಿದವರಿಗೆ ಊರುಗೋಲು, ವಾಕರ್, ಸಾದಾ ವೀಲ್‌ಚೇರ್, ಶ್ರವಣ ಸಾಧನ ಉಚಿತವಾಗಿ ಕೊಡುತ್ತಾರೆ. ಇಂಥ ಸ್ಕೂಟರ್ ಅದರಲ್ಲಿ ಬರುವುದಿಲ್ಲ. ತೀವ್ರ ಅಂಗವಿಕಲತೆ ಇದ್ದು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಇರುವವರಿಗೆ ಮೋಟಾರು ತ್ರಿಚಕ್ರದ ಯೋಜನೆ ಬೇರೆಯೇ ಇದೆ. ಅಪ್ಪ ಎರಡಕ್ಕೂ ಸಲ್ಲುವವರಲ್ಲ.

ಎರಡು ರಾತ್ರಿ ಯೋಚಿಸಿದೆವು. ನನ್ನ ಗಂಡ ಮೂರು ಚಕ್ರದ ಪರ. ವಾರಕ್ಕೊಮ್ಮೆ ಕಾರಿನಲ್ಲಿ ಎಲ್ಲಿಗಾದರೂ ಕರೆದುಕೊಂಡು ಹೋಗಬಹುದು ಎಂಬುದು ಅವರ ವಾದ. ತಪ್ಪಲ್ಲ. ಆದರೆ ವಾರಕ್ಕೊಮ್ಮೆ ಎನ್ನುವುದು ನಮ್ಮ ಪುರುಸೊತ್ತಿನ ಲೆಕ್ಕ. ಅಪ್ಪನಿಗೆ ಬೇಕಾದದ್ದು ಯಾರನ್ನೂ ಕೇಳದೆ ದಿನಾ ಸಂಜೆ ನಾಲ್ಕಕ್ಕೆ ಹೊರಡುವುದು. ನಾಲ್ಕು ಚಕ್ರದ್ದೇ ತೆಗೆದುಕೊಂಡೆವು. ನಿಮ್ಮ ಮನೆ ಅಂಬಲಪಾಡಿಯಂಥ ಸಪಾಟು ಜಾಗದಲ್ಲಿ ಇದ್ದರೆ, ಅಥವಾ ಲಿಫ್ಟ್ ಇರುವ ಫ್ಲ್ಯಾಟ್ ಆದರೆ, ನಾನು ಕಣ್ಣು ಮುಚ್ಚಿ ಮೂರು ಚಕ್ರದ್ದು ತೆಗೆದುಕೊಳ್ಳಿ ಅನ್ನುತ್ತಿದ್ದೆ.

ನಾನು ಮಾಡಿದ ತಪ್ಪು ಮೇ ಕೊನೆಯಲ್ಲಿ ಕೊಂಡದ್ದು. ಹತ್ತೇ ದಿನ ಓಡಿಸಿದರು, ಮಳೆ ಹಿಡಿಯಿತು. ಈ ಗಾಡಿಗಳು ನಾಲ್ಕು ಹನಿ ತಡೆಯುತ್ತವೆ, ನಮ್ಮ ಜೂನ್-ಜುಲೈಯ ಮಳೆಯನ್ನಲ್ಲ. ಹಾವಸೆ ಕಟ್ಟಿದ ಕಾಂಕ್ರೀಟಿನ ಮೇಲೆ ಚಕ್ರವೂ ಜಾರುತ್ತದೆ. ಕೊಳ್ಳುವುದಾದರೆ ಸೆಪ್ಟೆಂಬರ್ ಕಳೆದ ಮೇಲೆ ಕೊಳ್ಳಿ, ಗ್ಯಾರಂಟಿಯ ಮೊದಲ ಎಂಟು ತಿಂಗಳು ಒಣ ರಸ್ತೆಯಲ್ಲಿ ಓಡಿಸಿ ನೋಡಬಹುದು. ಮಳೆಗಾಲದಲ್ಲಿ ಪ್ರತಿ ಭಾನುವಾರ ಚಾರ್ಜ್ ಮಾಡಿದೆವು, ಗುಡುಗಿನ ಸದ್ದು ಕೇಳಿದ ಕೂಡಲೇ ಪ್ಲಗ್ ಕಿತ್ತೆವು. ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿಟ್ಟದ್ದು ಇನ್ನೊಂದು ತಪ್ಪು. ಒಳಗೆ ಸೆಕೆ ಕಟ್ಟಿ ಸೀಟಿಗೆ ಬೂಸ್ಟು ಹಿಡಿಯಿತು. ಈಗ ಹಳೆಯ ಹತ್ತಿ ಬೆಡ್‌ಶೀಟ್.

ಆಗಸ್ಟಿನಲ್ಲಿ ಒಂದು ದಿನ ಸ್ವಿಚ್ ಹಾಕಿದರೆ ಐದು ಬೀಪ್, ಮತ್ತೆ ಐದು ಬೀಪ್, ಓಡುವುದಿಲ್ಲ. ಮಾರಿದವರು ಹ್ಯಾಂಡಲ್ ಭಾಗ ಬಿಚ್ಚಿ ಬೆಂಗಳೂರಿಗೆ ಕಳಿಸಬೇಕು, ಮೂರು ವಾರ ಆಗಬಹುದು ಅಂದರು. ನಮ್ಮ ಕಡೆ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಮಾಡುವ ಒಬ್ಬ ಹುಡುಗನನ್ನು ಕರೆದೆ. ಅವನು ಹ್ಯಾಂಡಲಿನ ಕೆಳಗಿನ ಕನೆಕ್ಟರ್ ಎಳೆದು ತೋರಿಸಿದ. ಪಿನ್ನುಗಳ ಮೇಲೆ ಹಸಿರು ಕಿಲುಬು. ಸಮುದ್ರದ ಗಾಳಿ, ಮಳೆಯ ಥಂಡಿ, ಎರಡೂ ಸೇರಿದ ಫಲ. ಬ್ರಷ್ಷಿನಿಂದ ಉಜ್ಜಿ, ನನ್ನ ಹೇರ್ ಡ್ರೈಯರ್ ಕೇಳಿ ಒಣಗಿಸಿ, ಒಂದು ಚೂರು ವ್ಯಾಸಲೀನ್ ಸವರಿ ಸಿಕ್ಕಿಸಿದ. ಓಡಿತು. 300 ರೂಪಾಯಿ ತೆಗೆದುಕೊಂಡ, ಚಹಾ ಕುಡಿದು ಹೋದ. ಕೊಳ್ಳುವ ಮೊದಲು ಅಂಥ ಒಬ್ಬ ಹುಡುಗ ನಿಮ್ಮ ಊರಲ್ಲಿ ಇದ್ದಾನಾ ಎಂದು ನೋಡಿಕೊಳ್ಳಿ.

ಎಷ್ಟು ದೂರ ಹೋಗುತ್ತದೆ ಎಂಬ ಲೆಕ್ಕ ಅಪ್ಪನ ಹತ್ತಿರವೇ ಇದೆ. ಪುಸ್ತಕದಲ್ಲಿ 20 ಕಿಲೋಮೀಟರ್ ಬರೆದಿದೆ, ನಮ್ಮ ಚಡಾವಿನಲ್ಲಿ 11 ಸಿಗುತ್ತದೆ. ಇದು ಗೊತ್ತಾದದ್ದು ಅವರು ಬರೆದಿಡುವ ನೋಟ್‌ಬುಕ್ಕಿನಿಂದ. ಬಸ್ಸಿನ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು ಮಾಡಿದ್ದಾರೆ. ಹೊರಟ ಹೊತ್ತು, ಮುಟ್ಟಿದ ಹೊತ್ತು, ಬ್ಯಾಟರಿಯ ಎಷ್ಟು ಗೆರೆ ಉಳಿಯಿತು, ಕಲೆಕ್ಷನ್. ಕಲೆಕ್ಷನ್ ಎನ್ನುವಲ್ಲಿ ದಿನಾ ಒಂದು ಅಡ್ಡಗೆರೆ. ಕೆಲವು ದಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಹೆಬ್ರಿ ಬಸ್ಸು 6 ನಿಮಿಷ ಲೇಟು" ಎಂದೂ ಇರುತ್ತದೆ. ಮೊನ್ನೆ ಶುಕ್ರವಾರದ ಸಾಲು ನೋಡಿದೆ. ಹೊರಟದ್ದು 4.05, ವಾಪಸ್ 5.50, ಮೂರು ಗೆರೆ ಬಾಕಿ. ಕಲೆಕ್ಷನ್: ಬಂಗುಡೆ 1 ಕಿಲೋ.